ಯುದ್ಧ ಮುಗಿದ ಮೇಲಿನ ಅಮೆರಿಕ: ಒಂದೇ ಸಂಬಳದಲ್ಲಿ ಮನೆ, ಕಾರು, ನಾಲ್ಕು ಮಕ್ಕಳು ನಿಜವಾಗಿ ಸಾಧ್ಯವಿತ್ತಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ವಾಟ್ಸಾಪಲ್ಲಿ ಒಂದು ಥರದ ಫೋಟೋ ಮೇಲಿಂದ ಮೇಲೆ ಬರುತ್ತಾ ಇರುತ್ತದೆ, ನೀವೂ ನೋಡಿರ್ತೀರಿ. 1950ರ ದಶಕದ ಅಮೆರಿಕ. ಪುಟ್ಟ ಮನೆ, ಮುಂದೆ ಹುಲ್ಲು, ಉದ್ದನೆಯ ಕಾರು, ಏಪ್ರನ್ ಕಟ್ಟಿಕೊಂಡು ನಗುತ್ತಿರುವ ಹೆಂಡತಿ, ಸುತ್ತ ಮಕ್ಕಳು. "ಆಗ ಒಬ್ಬ ಫ್ಯಾಕ್ಟರಿ ಕೆಲಸಗಾರನ ಸಂಬಳದಲ್ಲಿ ಇಷ್ಟೆಲ್ಲಾ ಆಗುತ್ತಿತ್ತು, ಈಗ ಇಬ್ಬರು ದುಡಿದರೂ ಆಗಲ್ಲ" ಅಂತ ಕೆಳಗೆ ಬರೆದಿರುತ್ತಾರೆ.

ಇದು ನಿಜವಾ? ನಿಜವಾದರೆ ದುಡ್ಡು ಎಲ್ಲಿಂದ ಬಂತು? ನಾನು ಓದಿದ ಪ್ರಕಾರ 1946ರಲ್ಲಿ ಆ ದೇಶದ ಸಾಲ ಅದರ ಇಡೀ ವರ್ಷದ ಉತ್ಪಾದನೆಗಿಂತ ಜಾಸ್ತಿ ಇತ್ತು. ಸೈನಿಕರು ವಾಪಸ್ ಬಂದರೆ ಮತ್ತೆ ಮೂವತ್ತರ ದಶಕದ ಹಾಗೆ ನಿರುದ್ಯೋಗ ಬರುತ್ತದೆ ಅಂತ ದೊಡ್ಡ ದೊಡ್ಡವರೇ ಹೆದರಿದ್ದರಂತೆ. ಬಂದದ್ದು ಮಾತ್ರ ಪೂರ್ತಿ ಉಲ್ಟಾ. ಗೊತ್ತಿರುವವರು ಬಿಡಿಸಿ ಹೇಳಿ. ಮೋದಿ, ರಾಹುಲ್, ಟ್ರಂಪ್ ಯಾರನ್ನೂ ತರಬೇಡಿ ದಯವಿಟ್ಟು.

ಖಾಲಿಜೇಬು
ಸಿಂಪಲ್. ಜರ್ಮನಿ, ಜಪಾನ್, ಇಂಗ್ಲೆಂಡ್, ರಷ್ಯಾ ಎಲ್ಲರ ಕಾರ್ಖಾನೆಗಳೂ ಬಾಂಬಿಗೆ ಸಿಕ್ಕಿದ್ದವು. ಅಮೆರಿಕದವು ಹಾಗೇ ಇದ್ದವು. ಇಡೀ ಬೀದಿಯಲ್ಲಿ ಒಂದೇ ಅಂಗಡಿ ತೆರೆದಿದ್ದರೆ ವ್ಯಾಪಾರ ಆಗದೆ ಇನ್ನೇನು?

ಹಾಸನದ ಮೇಷ್ಟ್ರು
ಖಾಲಿಜೇಬು ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ. ನನ್ನ ಕ್ಲಾಸಿನಲ್ಲೂ ಹುಡುಗರು ಪ್ರತಿ ವರ್ಷ ಇದನ್ನೇ ಬರೆಯುತ್ತಿದ್ದರು. ಆದರೆ ಲೆಕ್ಕ ನೋಡಿ. ಐವತ್ತರ ದಶಕದಲ್ಲಿ ಅಮೆರಿಕದ ರಫ್ತು ಅದರ ಒಟ್ಟು ಉತ್ಪಾದನೆಯ ನೂರಕ್ಕೆ ಸುಮಾರು 5 ಭಾಗ. ಉಳಿದದ್ದೆಲ್ಲ ಅವರೇ ಮಾಡಿದ್ದು, ಅವರೇ ಕೊಂಡದ್ದು. ಹಾಗಾಗಿ ಸಾಮಾನ್ಯ ಅಮೆರಿಕನ್ನರ ಕೈಗೆ ಕೊಳ್ಳುವ ಶಕ್ತಿ ಹೇಗೆ ಬಂತು ಅನ್ನೋದೇ ಇಲ್ಲಿ ಮುಖ್ಯ.

ಒಂದು, ಯುದ್ಧದ ಕಾಲದ ಉಳಿತಾಯ. 1942ರ ಫೆಬ್ರವರಿಯಲ್ಲಿ ಜನರಿಗಾಗಿ ಕಾರು ತಯಾರಿಸುವುದನ್ನೇ ನಿಲ್ಲಿಸಿಬಿಟ್ಟರು. ಕೆಲಸ ಇತ್ತು, ಓವರ್‌ಟೈಮ್ ಇತ್ತು, ಕೊಳ್ಳೋಕೆ ಸಾಮಾನು ಇರಲಿಲ್ಲ. ದುಡ್ಡು ಬ್ಯಾಂಕಿಗೂ ಯುದ್ಧದ ಬಾಂಡಿಗೂ ಹೋಯಿತು. ಎಂಟೂವರೆ ಕೋಟಿ ಜನ ಬಾಂಡ್ ಕೊಂಡಿದ್ದರು. ಶಾಂತಿ ಬಂದಾಗ ಆ ದುಡ್ಡೆಲ್ಲ ಹೊರಗೆ ಬಂತು. 1955ರ ಒಂದೇ ವರ್ಷದಲ್ಲಿ ಸುಮಾರು 79 ಲಕ್ಷ ಕಾರು ತಯಾರಾದವು.

ಎರಡು, ಜಿ.ಐ. ಬಿಲ್. 1944ರ ಜೂನ್ 22ರಂದು ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನು. ಯುದ್ಧದಿಂದ ಬಂದವನಿಗೆ ಕಾಲೇಜು ಫೀಸು, ತಿಂಗಳ ಖರ್ಚು, ಮನೆ ಸಾಲಕ್ಕೆ ಸರ್ಕಾರದ ಜಾಮೀನು. ಸುಮಾರು 22 ಲಕ್ಷ ಜನ ಇದರಿಂದ ಕಾಲೇಜಿಗೆ ಹೋದರು. 1947ರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾಜಿ ಸೈನಿಕರು. ಇದು ಬರೀ ಕೃತಜ್ಞತೆಯಿಂದ ಬಂದದ್ದೂ ಅಲ್ಲ. ಮೊದಲ ಮಹಾಯುದ್ಧದ ಸೈನಿಕರು 1932ರಲ್ಲಿ ಬೋನಸ್ ಕೇಳಿಕೊಂಡು ವಾಷಿಂಗ್ಟನ್‌ನಲ್ಲಿ ಬೀಡುಬಿಟ್ಟಾಗ ಸೈನ್ಯ, ಟ್ಯಾಂಕು ಕಳಿಸಿ ಓಡಿಸಿದ್ದರು. ಈ ಸಲ ಬಂದೂಕು ಹಿಡಿದು ಪಳಗಿದವರು ಕೋಟಿಗೂ ಮೇಲೆ. ಸರ್ಕಾರಕ್ಕೆ ಭಯ ಇತ್ತು.

ಇನ್ನು ಸಾಲದ ವಿಷಯ. ಅವರು ಸಾಲ ತೀರಿಸಿ ಗೆದ್ದದ್ದಲ್ಲ. 1951ರ ತನಕ ಬಡ್ಡಿದರವನ್ನು ಬೇಕೆಂದೇ ಕೆಳಗೆ ಹಿಡಿದಿಟ್ಟರು, ಬೆಲೆ ಸ್ವಲ್ಪ ಏರಲು ಬಿಟ್ಟರು, ಉತ್ಪಾದನೆ ಬೆಳೆಯಿತು. ಸಾಲ ಹೆಚ್ಚುಕಡಿಮೆ ಅಲ್ಲೇ ಇತ್ತು, ದೇಶ ಅದಕ್ಕಿಂತ ಎಷ್ಟೋ ದೊಡ್ಡದಾಯಿತು.

ಮುಕ್ತಪೇಟೆ
ಮೇಷ್ಟ್ರೇ, ಎಲ್ಲಾ ಸರ್ಕಾರವೇ ಮಾಡಿತು ಅನ್ನೋ ಹಾಗೆ ಹೇಳಿದಿರಲ್ಲ. 1945-46ರಲ್ಲಿ ಸರ್ಕಾರದ ಖರ್ಚು ದಬದಬ ಇಳಿಯಿತು. ಬೆಲೆ ನಿಯಂತ್ರಣ ತೆಗೆದರು. ಆಗಲೇ ಖಾಸಗಿಯವರು ಆ ಕೋಟಿಗಟ್ಟಲೆ ಜನರಿಗೆ ಕೆಲಸ ಕೊಟ್ಟದ್ದು. ಅದನ್ನೂ ಹೇಳಿ.

ಹಾಸನದ ಮೇಷ್ಟ್ರು
ಹೇಳೋಣ. ಖರ್ಚು ಇಳಿದದ್ದು ನಿಜ, ಖಾಸಗಿಯವರು ಕೆಲಸ ಕೊಟ್ಟದ್ದೂ ನಿಜ. ಆದರೆ ಕೊರಿಯಾ ಯುದ್ಧ ಶುರುವಾದ ಮೇಲೆ ರಕ್ಷಣಾ ಖರ್ಚು ಮತ್ತೆ ಏರಿತು, ಆಮೇಲೆ ಪೂರ್ತಿ ಇಳಿಯಲೇ ಇಲ್ಲ. ಕ್ಯಾಲಿಫೋರ್ನಿಯಾದ ವಿಮಾನ ಕಂಪನಿಗಳು ಬೆಳೆದದ್ದು ಯಾರ ಆರ್ಡರಿನಿಂದ? 1961ರ ಜನವರಿ 17ರಂದು ಅಧ್ಯಕ್ಷ ಪದವಿ ಬಿಡುವಾಗ ಸೈನ್ಯ ಮತ್ತು ಶಸ್ತ್ರೋದ್ಯಮದ ಕೂಟದ ಬಗ್ಗೆ ಎಚ್ಚರ ಹೇಳಿದ್ದು ಐಸೆನ್‌ಹೋವರ್. ಅವರೇನು ಎಡಪಂಥೀಯರಾ? ಐದು ನಕ್ಷತ್ರದ ಜನರಲ್.

ಎಡಿಸನ್ ಅಕ್ಕ
ನಾನು ಇರೋದು ನ್ಯೂಜೆರ್ಸಿಯಲ್ಲಿ. ತುಂಗಾತೀರ ಅವರು ಹೇಳಿದ ಫೋಟೋದ ಮನೆ ಬಗ್ಗೆ ಹೇಳ್ತೀನಿ, ಅದು ಎಲ್ಲಿಂದ ಬಂತು ಗೊತ್ತಾದರೆ ಅರ್ಧ ಕಥೆ ಗೊತ್ತಾದ ಹಾಗೆ.

ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಿದ್ದವು. 1947ರಲ್ಲಿ ವಿಲಿಯಂ ಲೆವಿಟ್ ಅಲ್ಲಿ ಮನೆ ಕಟ್ಟೋಕೆ ಶುರು ಮಾಡಿದರು. ಕಾರ್ಖಾನೆಯಲ್ಲಿ ಕಾರು ಮುಂದೆ ಸಾಗುತ್ತದೆ, ಕೆಲಸಗಾರ ನಿಂತಲ್ಲೇ ಇರುತ್ತಾನೆ. ಇಲ್ಲಿ ಮನೆ ನಿಂತಲ್ಲೇ ಇತ್ತು, ಕೆಲಸಗಾರರ ತಂಡಗಳು ಮುಂದೆ ಸಾಗುತ್ತಿದ್ದವು. ಒಂದು ತಂಡ ಬರೀ ನೆಲ ಹಾಕುವುದು, ಇನ್ನೊಂದು ಬರೀ ಬಿಳಿ ಬಣ್ಣ, ಮತ್ತೊಂದು ಬರೀ ಕೆಂಪು ಬಣ್ಣ. ಜೋರಾಗಿ ನಡೆದಾಗ ದಿನಕ್ಕೆ ಮೂವತ್ತು ಮನೆ. 1951ರ ಹೊತ್ತಿಗೆ 17,000ಕ್ಕೂ ಜಾಸ್ತಿ ಆದವು. ಮೊದಲ ಮನೆಗಳು 750 ಚದರ ಅಡಿ, 60×100 ಸೈಟಿನಲ್ಲಿ. ಹೌದು, 60×100, ಬೆಂಗಳೂರಿನವರು ಹೊಟ್ಟೆ ಉರಿದುಕೊಳ್ಳಬಹುದು. 1949ರ ಮಾದರಿಗೆ 7,990 ಡಾಲರ್. ಸೈನಿಕನಾಗಿದ್ದವನಿಗೆ ಮುಂಗಡ ಬೇಡ, ತಿಂಗಳಿಗೆ ಅರವತ್ತು ಡಾಲರಿನ ಒಳಗೆ ಕಂತು. ಎಷ್ಟೋ ಕಡೆ ಸಿಟಿಯ ಬಾಡಿಗೆಗಿಂತ ಇದೇ ಕಡಿಮೆ. ಹಾಗಾಗಿ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ: ಹೌದು, ಸಾಧ್ಯವಿತ್ತು.

ಯಾರಿಗೆ ಸಾಧ್ಯವಿತ್ತು ಅನ್ನೋದು ಬೇರೆ. ಲೆವಿಟ್ ಕಟ್ಟಿದ ಈ ಬಡಾವಣೆಗೆ ಲೆವಿಟ್‌ಟೌನ್ ಅಂತ ಹೆಸರು. ಲೆವಿಟ್‌ಟೌನ್‌ನ ಬಾಡಿಗೆ ಕರಾರಿನಲ್ಲಿ ಬಿಳಿಯರಲ್ಲದವರು ಈ ಮನೆಯಲ್ಲಿ ವಾಸ ಮಾಡುವಂತಿಲ್ಲ ಅಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದಿಂದ ಷರತ್ತು ಹೋಯಿತು, ಮಾರಾಟ ಮಾತ್ರ ಬಿಳಿಯರಿಗೇ ನಡೆಯಿತು. ನಮ್ಮ ಮನೆಯ ಹಳೇ ಕ್ರಯಪತ್ರದಲ್ಲೂ ಆ ಥರದ ಒಂದು ಸಾಲು ಇದೆ. ಇವತ್ತು ಅದಕ್ಕೆ ಬೆಲೆ ಇಲ್ಲ. ಆದರೂ ಮನೆ ತಗೊಳ್ಳುವಾಗ ಓದಿ ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು.

ಖಾಲಿಜೇಬು
60×100!! ನಾನು ಈ ಚರ್ಚೆ ಬಿಟ್ಟು ಹೊರಟೆ.

ಕರಾವಳಿ ಹುಡುಗ
ಲೆವಿಟ್ ಸ್ವತಃ ಯಹೂದಿ ಅಲ್ವಾ? ಅವರ ಜನ ಅನುಭವಿಸಿದ್ದನ್ನು ನೋಡಿಯೂ ಹೀಗೆ ಮಾಡಿದ್ದಾ ಮಾರಾಯ್ರೆ?

ಎಡಿಸನ್ ಅಕ್ಕ
ಹೌದು, ಯಹೂದಿ. ಕಪ್ಪು ಜನಕ್ಕೆ ಮನೆ ಮಾರಿದರೆ ಬಿಳಿ ಗಿರಾಕಿಗಳು ಬರೋದಿಲ್ಲ, ವಸತಿ ಸಮಸ್ಯೆ ಬಿಡಿಸಬಹುದು ಇಲ್ಲಾ ಜನಾಂಗದ ಸಮಸ್ಯೆ ಬಿಡಿಸಬಹುದು, ಎರಡೂ ಒಟ್ಟಿಗೆ ಆಗಲ್ಲ ಅನ್ನೋದು ಅವರ ವಾದ. ಆದರೆ ಅವರೊಬ್ಬರನ್ನೇ ಬೈದರೆ ಸರ್ಕಾರ ತಪ್ಪಿಸಿಕೊಳ್ಳುತ್ತದೆ. ಮನೆ ಸಾಲಕ್ಕೆ ವಿಮೆ ಕೊಡುತ್ತಿದ್ದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್‌ನ ನಿಯಮಗಳೇ ಬೇರೆ ಬೇರೆ ಜನಾಂಗದವರು ಬೆರೆತ ಬಡಾವಣೆ ಅಂದರೆ ಅಪಾಯ ಅಂತ ಹೇಳುತ್ತಿದ್ದವು. ಮೂವತ್ತರ ದಶಕದಲ್ಲೇ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ ಹಸಿರು, ನೀಲಿ, ಹಳದಿ, ಕೆಂಪು ಅಂತ ಬಣ್ಣ ಹಚ್ಚಿತ್ತು. ಕಪ್ಪು ಜನ ಇದ್ದ ಕಡೆ ಹೆಚ್ಚುಕಡಿಮೆ ಎಲ್ಲ ಕೆಂಪು. ಅಲ್ಲಿ ಸಾಲ ಹುಟ್ಟುತ್ತಿರಲಿಲ್ಲ.

1957ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಲೆವಿಟ್ ಕಟ್ಟಿದ ಇನ್ನೊಂದು ಲೆವಿಟ್‌ಟೌನ್‌ಗೆ ಬಿಲ್ ಮತ್ತು ಡೈಸಿ ಮೈಯರ್ಸ್ ಅನ್ನೋ ಕಪ್ಪು ದಂಪತಿ ಬಂದರು. ಬಿಲ್ ಕೂಡ ಮಾಜಿ ಸೈನಿಕ. ಮನೆ ಮುಂದೆ ರಾತ್ರಿ ರಾತ್ರಿ ನೂರಾರು ಜನ ಸೇರಿ ಕಿರುಚಿದರು, ಕಲ್ಲು ಹೊಡೆದು ಕಿಟಕಿ ಒಡೆದರು. ಕೊನೆಗೆ ರಾಜ್ಯ ಪೊಲೀಸರು ಬರಬೇಕಾಯಿತು. ಪಕ್ಕದ ಮನೆಯ ವೆಕ್ಸ್‌ಲರ್ ಕುಟುಂಬದವರು ಅವರ ಜೊತೆ ನಿಂತರು, ಅವರಿಗೂ ಕಾಟ ತಪ್ಪಲಿಲ್ಲ. ಮನೆ ಮಾರಾಟದಲ್ಲಿ ಭೇದ ಮಾಡಬಾರದು ಅಂತ ಕೇಂದ್ರದ ಕಾನೂನು ಬಂದದ್ದು 1968ರಲ್ಲಿ. ಅಷ್ಟರಲ್ಲಿ ಒಳ್ಳೇ ಮನೆಗಳು ಯಾರ ಯಾರ ಹೆಸರಿಗೋ ಆಗಿ, ಬೆಲೆಯೂ ಏರಿ ಆಗಿತ್ತು.

ತುಂಗಾತೀರ
ಜಿ.ಐ. ಬಿಲ್ ಕಪ್ಪು ಸೈನಿಕರಿಗೂ ಅನ್ವಯ ಆಗುತ್ತಿತ್ತಲ್ವಾ? ಕಾನೂನಿನಲ್ಲಿ ಜನಾಂಗ ನಮೂದಿಸಿದ್ದರಾ?

ಹಾಸನದ ಮೇಷ್ಟ್ರು
ಇಲ್ಲ. ಕಾನೂನಿನಲ್ಲಿ ಒಂದಕ್ಷರವೂ ಇಲ್ಲ. ಆದರೆ ಜಾರಿ ಮಾಡುವುದು ಸ್ಥಳೀಯ ಕಚೇರಿ, ಸ್ಥಳೀಯ ಬ್ಯಾಂಕು ಅಂತ ದಕ್ಷಿಣದ ರಾಜಕಾರಣಿಗಳು ಬರೆಸಿಕೊಂಡಿದ್ದರು. ಸರ್ಕಾರ ಜಾಮೀನು ನಿಲ್ಲುತ್ತದೆ, ಸಾಲ ಕೊಡಬೇಕಾದವನು ಊರಿನ ಬಿಳಿ ಬ್ಯಾಂಕಿನವನು. ಮಿಸಿಸಿಪ್ಪಿಯ 13 ಊರುಗಳಲ್ಲಿ 1947ರಲ್ಲಿ ಒಂದು ಸಮೀಕ್ಷೆ ಆಯಿತು. ಈ ಯೋಜನೆಯ ಜಾಮೀನಿನ ಸಾಲ ಒಟ್ಟು 3,229. ಕಪ್ಪು ಜನಕ್ಕೆ ಸಿಕ್ಕಿದ್ದು 2. ಎರಡು ಸಾವಿರ ಅಲ್ಲ, ಎರಡು.

ಧಾರವಾಡ ಪೇಡೆ
ಮೇಲೆ ಸಮಾನ, ಕೆಳಗೆ ಕಚೇರಿಯವರ ಕೈಯಾಗ. ನಮಗೇನು ಹೊಸದಲ್ಲ ಬಿಡ್ರಿ ಸರ್.

ಮುಕ್ತಪೇಟೆ
ಭೇದ ಇತ್ತು, ಒಪ್ಪುತ್ತೇನೆ, ಅದು ಅನ್ಯಾಯ. ಆದರೆ ಬೆಳವಣಿಗೆ ಎಲ್ಲರಿಗೂ ಮುಟ್ಟಿತು. 1959ರಲ್ಲಿ ನೂರಕ್ಕೆ 22 ಜನ ಬಡತನದಲ್ಲಿದ್ದರು, 1973ಕ್ಕೆ ಅದು ಸುಮಾರು 11ಕ್ಕೆ ಇಳಿಯಿತು. ಯಾವ ಕ್ರಾಂತಿ ಇದನ್ನು ಮಾಡಿದೆ?

ಬಿಸಿಬೇಳೆ
1959ರಲ್ಲಿ ನೂರಕ್ಕೆ 22 ಅನ್ನೋದೇ ಆ ಫೋಟೋಗೆ ಉತ್ತರ ಅಲ್ವಾ ಸರ್? ಸುವರ್ಣಯುಗದ ನಟ್ಟನಡುವೆ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಬಡವರು! ಕಪ್ಪು ಜನರಲ್ಲಿ ಅರ್ಧಕ್ಕೂ ಜಾಸ್ತಿ. ಅಪಲಾಚಿಯಾದ ಕಲ್ಲಿದ್ದಲು ಊರುಗಳ ಬಿಳಿಯರು, ಹೊಲದಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ನರು, ಇವರ್ಯಾರೂ ಆ ಫೋಟೋದಲ್ಲಿ ಇಲ್ಲ. 1959ರ ನಂತರ ಇಳಿದದ್ದರಲ್ಲಿ 1964-65ರಲ್ಲಿ ಅಧ್ಯಕ್ಷ ಜಾನ್ಸನ್ ತಂದ ಬಡತನ ನಿವಾರಣೆ ಕಾರ್ಯಕ್ರಮಗಳ ಪಾಲೂ ಇದೆ.

ಇನ್ನು "ಒಂದೇ ಸಂಬಳ" ಅನ್ನೋ ಮಾತು. 1960ರ ಹೊತ್ತಿಗೆ ಮದುವೆಯಾದ ಹೆಂಗಸರಲ್ಲಿ ಹತ್ತಕ್ಕೆ ಮೂವರು ಹೊರಗೆ ಕೆಲಸಕ್ಕೆ ಹೋಗುತ್ತಿದ್ದರು. ಯುದ್ಧದ ಕಾಲದಲ್ಲಿ ಹಡಗುಕಟ್ಟೆಯಲ್ಲಿ, ವಿಮಾನ ಕಾರ್ಖಾನೆಯಲ್ಲಿ ಬೆಸುಗೆ ಕೆಲಸ ಮಾಡಿದವರು ಅವರೇ. ಆಗ ಅವರ ಮಕ್ಕಳನ್ನು ನೋಡಿಕೊಳ್ಳೋಕೆ ಕೇಂದ್ರ ಸರ್ಕಾರವೇ ದುಡ್ಡು ಕೊಟ್ಟು ಶಿಶುವಿಹಾರ ನಡೆಸಿತ್ತು. ಯುದ್ಧ ಮುಗಿಯಿತು, 1946ರಲ್ಲಿ ಆ ದುಡ್ಡು ನಿಂತಿತು. ಒಳ್ಳೇ ಸಂಬಳದ ಕೆಲಸ ಗಂಡಸರಿಗೆ ವಾಪಸ್. ಹೆಂಗಸರು ಮತ್ತೆ ದುಡಿಮೆಗೆ ಬಂದಾಗ ಸಿಕ್ಕಿದ್ದು ಟೈಪಿಸ್ಟ್, ಅಂಗಡಿ ಕೆಲಸ. ಹುಡುಗಿಯರಿಗೆ ಇಪ್ಪತ್ತಕ್ಕೆಲ್ಲ ಮದುವೆ. 1957ರಲ್ಲಿ 43 ಲಕ್ಷ ಮಕ್ಕಳು ಹುಟ್ಟಿದವು, ಅದು ಆ ಕಾಲದ ದಾಖಲೆ. ಗಂಡನ ಸಹಿ ಇಲ್ಲದೆ ಸಾಲ ಸಿಗೋದು ಕಷ್ಟ. ಸಾಲ ಕೊಡುವಾಗ ಹೆಣ್ಣು ಅಂತ ಭೇದ ಮಾಡಬಾರದು ಅನ್ನೋ ಕಾನೂನು ಬಂದದ್ದು 1974ರಲ್ಲಿ. ಆ ಏಪ್ರನ್ನಿನ ಹೆಂಗಸು ಸುಮ್ನೆ ಫೋಟೋಗೆ ನಗುತ್ತಿದ್ದಾಳೆ.

ಖಾಲಿಜೇಬು
ಎಲ್ಲರೂ ಅತ್ತಿದ್ದರು ಅನ್ನೋದೂ ಅತಿ ಆಯ್ತು ಮೇಡಂ. ಮೂವತ್ತರ ದಶಕದಲ್ಲಿ ಬ್ರೆಡ್ಡಿಗೆ ಕ್ಯೂ ನಿಂತವರಿಗೆ ಫ್ರಿಜ್ಜು, ವಾಷಿಂಗ್ ಮಷೀನು ಸಿಕ್ಕಿದ್ದು ಸಣ್ಣ ವಿಷಯ ಅಲ್ಲ. ಕೈಯಲ್ಲಿ ಬಟ್ಟೆ ಒಗೆದವರನ್ನು ಕೇಳಿ.

ಬಿಸಿಬೇಳೆ
ಹೊರಟೆ ಅಂದಿದ್ದಿರಿ? ವಾಷಿಂಗ್ ಮಷೀನಿಗೆ ನನ್ನ ವಿರೋಧ ಇಲ್ಲ ಸರ್. ಅದರ ಪಕ್ಕದಲ್ಲೇ ನಿಂತಿರು ಅಂದದ್ದಕ್ಕೆ ಇದೆ. 1960ರಲ್ಲಿ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, 1963ರಲ್ಲಿ ಸಮಾನ ವೇತನದ ಕಾನೂನು ಬಂತು. ಎಲ್ಲರೂ ಖುಷಿಯಾಗಿದ್ದಿದ್ದರೆ ಇವೆಲ್ಲ ಯಾಕೆ ಬೇಕಿತ್ತು?

ಸಂಬಳದಾಳು
ಎಲ್ಲರೂ ಮನೆ, ಮಷೀನು ಅಂತೀರಿ, ಸಂಬಳ ಯಾಕೆ ಏರಿತು ಅಂತ ಯಾರೂ ಹೇಳಲಿಲ್ಲ. ಯೂನಿಯನ್. ಐವತ್ತರ ದಶಕದ ಮಧ್ಯದಲ್ಲಿ ಅಮೆರಿಕದ ಕೆಲಸಗಾರರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬ ಯೂನಿಯನ್ ಸದಸ್ಯ. ನಾನು ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಯೂನಿಯನ್ ಕೆಲಸ ಮಾಡಿದವನು. ಆಗ ಹಿರಿಯರು ಡೆಟ್ರಾಯಿಟ್‌ನ ಕಾರು ಕೆಲಸಗಾರರ ಯೂನಿಯನ್ ನಾಯಕ ವಾಲ್ಟರ್ ರೂಥರ್ ಹೆಸರು ಹೇಳುತ್ತಿದ್ದರು.

ರೂಥರ್ 1945ರ ನವೆಂಬರಿನಲ್ಲಿ ಜನರಲ್ ಮೋಟರ್ಸ್‌ನಲ್ಲಿ ಮುಷ್ಕರ ಹೂಡಿದರು. 113 ದಿನ ನಡೆಯಿತು. ಬೇಡಿಕೆ ಕೇಳಿ: ಸಂಬಳ ನೂರಕ್ಕೆ 30 ಏರಿಸಿ, ಆದರೆ ಕಾರಿನ ಬೆಲೆ ಏರಿಸಬೇಡಿ, ಆಗಲ್ಲ ಅಂದರೆ ಲೆಕ್ಕದ ಪುಸ್ತಕ ತೆರೆದು ತೋರಿಸಿ. ಕಂಪನಿ ಪುಸ್ತಕ ತೋರಿಸಲೇ ಇಲ್ಲ. 1947ರಲ್ಲಿ ಅಧ್ಯಕ್ಷ ಟ್ರೂಮನ್ ತಡೆ ಹಾಕಿದರೂ ಕಾಂಗ್ರೆಸ್ಸು, ಅಂದರೆ ಅಲ್ಲಿನ ಸಂಸತ್ತು, ಟಾಫ್ಟ್-ಹಾರ್ಟ್ಲಿ ಕಾನೂನು ತಂದು ಯೂನಿಯನ್ನುಗಳ ಕೈ ಕಟ್ಟಿತು. ನಾಯಕರು ತಾವು ಕಮ್ಯುನಿಸ್ಟ್ ಅಲ್ಲ ಅಂತ ಪ್ರಮಾಣಪತ್ರ ಬರೆದುಕೊಡಬೇಕಿತ್ತು.

1950ರಲ್ಲಿ ಜಿ.ಎಂ. ಜೊತೆ ಐದು ವರ್ಷದ ಒಪ್ಪಂದ ಆಯಿತು. ಬೆಲೆ ಏರಿದ ಹಾಗೆ ಸಂಬಳ ಏರಿಕೆ, ಅದರ ಮೇಲೆ ವರ್ಷ ವರ್ಷ ಹೆಚ್ಚಳ, ಪಿಂಚಣಿ, ಆಸ್ಪತ್ರೆ ವಿಮೆಯ ಅರ್ಧ ಖರ್ಚು. ಬದಲಿಗೆ ಏನು ಕೊಟ್ಟರು? ಕಂಪನಿ ಹೇಗೆ ನಡೀಬೇಕು, ಏನು ಮಾಡಬೇಕು, ಯಾವ ಬೆಲೆಗೆ ಮಾರಬೇಕು ಅನ್ನೋದರಲ್ಲಿ ಯೂನಿಯನ್ ಬಾಯಿ ಹಾಕುವ ಹಾಗಿಲ್ಲ. ಪುಸ್ತಕದ ಮಾತು ಅಲ್ಲಿಗೇ ಮುಗೀತು. ನನಗೆ ಈಗಲೂ ಇದು ಗೆಲುವೋ ಸೋಲೋ ಅಂತ ಹೇಳೋಕೆ ಆಗಲ್ಲ. ಊಟ ಸಿಕ್ಕಿತು, ಅಡುಗೆಮನೆ ಬೀಗದ ಕೈ ಸಿಗಲಿಲ್ಲ.

ಇನ್ನೊಂದು. 1945ರಲ್ಲೇ ಟ್ರೂಮನ್ ಇಡೀ ದೇಶಕ್ಕೆ ಆರೋಗ್ಯ ವಿಮೆ ಬೇಕು ಅಂದಿದ್ದರು. ವೈದ್ಯರ ಸಂಘ ಅದನ್ನು ಸಮಾಜವಾದ ಅಂತ ಕೂಗಿ ಬೀಳಿಸಿತು. ಆಮೇಲೆ ವಿಮೆ ಕೆಲಸದ ಜೊತೆ ಅಂಟಿಕೊಂಡಿತು. ಕೆಲಸ ಹೋದರೆ ವಿಮೆ ಹೋಯಿತು. ಎಡಿಸನ್ ಅಕ್ಕ ಅವರಿಗೆ ಇದರ ಬಿಸಿ ಗೊತ್ತಿರಬೇಕು.

ಎಡಿಸನ್ ಅಕ್ಕ
ಗೊತ್ತು ಸರ್, ಚೆನ್ನಾಗೇ ಗೊತ್ತು. ಲೇಆಫ್ ಪತ್ರ ಬಂದ ದಿನ ನಮ್ಮವರು ಸಂಬಳದ ಬಗ್ಗೆ ಯೋಚನೆ ಮಾಡಲಿಲ್ಲ, ವಿಮೆ ಯಾವತ್ತಿನ ತನಕ ಇದೆ ಅಂತ ನೋಡಿದರು.

ಮುಕ್ತಪೇಟೆ
ಆಗ ಶ್ರೀಮಂತರ ಮೇಲೆ 91% ತೆರಿಗೆ ಇತ್ತು, ಅದರಿಂದಲೇ ಸಮಾನತೆ ಬಂತು ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡ್ತೀನಿ. ಅದು ಒಬ್ಬ ವ್ಯಕ್ತಿಗೆ ವರ್ಷಕ್ಕೆ 2 ಲಕ್ಷ ಡಾಲರ್ ದಾಟಿದ ಮೇಲಿನ ದುಡ್ಡಿಗೆ ಮಾತ್ರ. ಆಸ್ತಿ ಮಾರಿದ ಲಾಭಕ್ಕೆ 25%ಕ್ಕಿಂತ ಜಾಸ್ತಿ ಇರಲಿಲ್ಲ. ಎಲ್ಲರೂ ಆ ದಾರಿಯಲ್ಲೇ ನುಸುಳುತ್ತಿದ್ದರು.

ಹಾಸನದ ಮೇಷ್ಟ್ರು
ಸರಿ ಇದೆ. ಆದರೂ ಒಬ್ಬ ಮ್ಯಾನೇಜರಿಗೆ ಕೋಟಿ ಸಂಬಳ ಕೊಡೋದರಲ್ಲಿ ಅರ್ಥ ಇರಲಿಲ್ಲ, ಬಹುಪಾಲು ಸರ್ಕಾರಕ್ಕೇ ಹೋಗುತ್ತಿತ್ತು. ಆ ದರ ವಸೂಲಿಗಿಂತ ಬೇಲಿಯ ಕೆಲಸ ಜಾಸ್ತಿ ಮಾಡಿತು ಅನ್ನೋದು ನನ್ನ ಅಭಿಪ್ರಾಯ. ಕಂಪನಿಗಳ ಮೇಲೆ 52% ಇತ್ತು ನೋಡಿ, ಅದು ನಿಜವಾಗಿ ವಸೂಲಾಗುತ್ತಿತ್ತು.

ಕರಾವಳಿ ಹುಡುಗ
ಆಗಿನ ಉಪಾಧ್ಯಕ್ಷ ನಿಕ್ಸನ್ ಮಾಸ್ಕೋದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಜೊತೆ ಅಡುಗೆಮನೆ ಮುಂದೆ ಜಗಳ ಆಡಿದ್ದು ಇದೇ ಕಾಲ ಅಲ್ವಾ? ಅದರ ವಿಡಿಯೋ ನೋಡಿ ಬಿದ್ದು ಬಿದ್ದು ನಕ್ಕಿದ್ದೇನೆ.

ಸಂಬಳದಾಳು
ಅದೇ. 1959ರ ಜುಲೈ 24, ಅಮೆರಿಕದ ಪ್ರದರ್ಶನ. ಒಂದು ಮಾದರಿ ಮನೆ ತಂದು ಇಟ್ಟಿದ್ದರು. ಈ 14,000 ಡಾಲರ್ ಮನೆಯನ್ನು ನಮ್ಮ ಉಕ್ಕಿನ ಕೆಲಸಗಾರನೂ ಕೊಳ್ಳಬಹುದು ಅಂತ ನಿಕ್ಸನ್ ಹೇಳಿದರು. ತಮಾಷೆ ಏನು ಗೊತ್ತಾ, ಆ ಹೊತ್ತಿಗೆ ಅಮೆರಿಕದಲ್ಲಿ ಐದು ಲಕ್ಷ ಉಕ್ಕಿನ ಕೆಲಸಗಾರರು ಮುಷ್ಕರದಲ್ಲಿದ್ದರು! ನಿಕ್ಸನ್ನೇ ಅದನ್ನು ಒಪ್ಪಿಕೊಂಡು ಮಾತಾಡಿದರು. ಮುಷ್ಕರ 116 ದಿನ ನಡೆಯಿತು. ಆ ವರ್ಷ ಅಮೆರಿಕ ಮಾರಿದ ಉಕ್ಕಿಗಿಂತ ಹೊರಗಿಂದ ತಂದದ್ದು ಜಾಸ್ತಿ ಆಯಿತು. ಖಾಲಿಜೇಬು ಹೇಳಿದ ಆ ಬೀದಿಯಲ್ಲಿ ಉಳಿದ ಅಂಗಡಿಗಳೂ ಬಾಗಿಲು ತೆಗೆದಿದ್ದವು.

ಧಾರವಾಡ ಪೇಡೆ
ವಿಷಯ ಸ್ವಲ್ಪ ಬೇರೆ, ಆದರೂ ಹೇಳ್ತೀನ್ರಿ. ಆ ಕಾಲದ ಅಮೆರಿಕದ ರುಚಿ ನಮ್ಮ ನಾಲಿಗೆಗೂ ತಾಗಿದೆ. ನಾವು ಕನ್ನಡ ಸಾಲಿಗೆ ಹೋಗುವಾಗ ಮಧ್ಯಾಹ್ನ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಚೀಲದ ಮೇಲೆ, ಎಣ್ಣೆ ಡಬ್ಬಿ ಮೇಲೆ ಎರಡು ಕೈ ಕುಲುಕುವ ಚಿತ್ರ. ಡಬ್ಬಿ ಖಾಲಿಯಾದ ಮೇಲೆ ಯಾರ ಮನೆಗೆ ಹೋಗಬೇಕು ಅಂತ ಹೆಡ್‌ಮಾಸ್ತರಿಗೂ ಅಡುಗೆಯವ್ವಗೂ ಜಗಳ.

ತುಂಗಾತೀರ
ಅಯ್ಯೋ ಆ ಉಪ್ಪಿಟ್ಟು! ನಮ್ಮಮ್ಮ ಈಗಲೂ ಅದರ ವಾಸನೆ ಬಗ್ಗೆ ಹೇಳುತ್ತಾರೆ. ಅಮೆರಿಕಕ್ಕೆ ಅಷ್ಟು ಗೋಧಿ ಯಾಕೆ ಉಳಿಯುತ್ತಿತ್ತು?

ಹಾಸನದ ಮೇಷ್ಟ್ರು
ಇದು ವಿಷಯಾಂತರ ಅಲ್ಲವೇ ಅಲ್ಲ. ಟ್ರ್ಯಾಕ್ಟರು, ಗೊಬ್ಬರ, ಹೊಸ ಬೀಜ ಬಂದು ಇಳುವರಿ ಏರಿತು. ಬೆಲೆ ಬೀಳದ ಹಾಗೆ ಸರ್ಕಾರ ಬೆಂಬಲ ಬೆಲೆ ಕೊಟ್ಟು ಕೊಂಡು ಗೋದಾಮು ತುಂಬಿಸಿತು. ಅದನ್ನು ಖಾಲಿ ಮಾಡೋಕೆ 1954ರಲ್ಲಿ ಐಸೆನ್‌ಹೋವರ್, ಮಿಕ್ಕ ಧಾನ್ಯವನ್ನು ಬೇರೆ ದೇಶಗಳಿಗೆ ಕೊಡುವ ಪಿ.ಎಲ್. 480 ಕಾನೂನಿಗೆ ಸಹಿ ಹಾಕಿದರು. ಭಾರತ ಡಾಲರ್ ಕೊಡಬೇಕಾಗಿರಲಿಲ್ಲ, ರೂಪಾಯಿ ಕೊಟ್ಟರೆ ಸಾಕಿತ್ತು. ಪುಕ್ಕಟೆ ದಾನ ಮಾತ್ರ ಅಲ್ಲ. 1965-66ರ ಬರಗಾಲದಲ್ಲಿ ನಾವು ವಿಯೆಟ್ನಾಂ ಯುದ್ಧವನ್ನು ಟೀಕೆ ಮಾಡಿದ್ದಕ್ಕೆ ಜಾನ್ಸನ್ ಹಗ್ಗ ಬಿಗಿ ಹಿಡಿದು, ಹಡಗು ಹಡಗಿಗೂ ಕಾಯಿಸಿದರು. ದಿಲ್ಲಿಯವರು ಅದನ್ನು ಮರೆಯಲಿಲ್ಲ. ನಮ್ಮ ಹಸಿರು ಕ್ರಾಂತಿಯ ಹಿಂದೆ ಆ ಅವಮಾನವೂ ಇದೆ.

ಖಾಲಿಜೇಬು
ಆ ಗೋಧಿ ಜೊತೆ ಪಾರ್ಥೇನಿಯಂ ಕೂಡ ಕಳಿಸಿದರು. ನಮ್ಮ ತೋಟದ ಬದುವಿಗೆ ಬನ್ನಿ, ಅಮೆರಿಕ ತೋರಿಸ್ತೀನಿ.

ಬಿಸಿಬೇಳೆ
ಅದು ಖಚಿತ ಅಲ್ಲ ಸರ್. ಐವತ್ತರ ದಶಕದಲ್ಲಿ ಪುಣೆಯಲ್ಲಿ ಕಂಡದ್ದರಿಂದ ಹಾಗೆ ಹೇಳುತ್ತಾರೆ. ಅದಕ್ಕೂ ಎಷ್ಟೋ ಹಿಂದೆ ಭಾರತದಲ್ಲಿ ಸಿಕ್ಕಿದ ಮಾದರಿಗಳಿವೆ ಅಂತ ಸಸ್ಯಶಾಸ್ತ್ರದವರು ತೋರಿಸಿದ್ದಾರೆ.

ಖಾಲಿಜೇಬು
ಮಾದರಿ ಇರಲಿ ಮೇಡಂ, ತುರಿಕೆ ನನ್ನದು.

ಕರಾವಳಿ ಹುಡುಗ
ಅದನ್ನು ತಿನ್ನೋಕೆ 1984ರಲ್ಲಿ ಬೆಂಗಳೂರಲ್ಲಿ ಮೆಕ್ಸಿಕೋದ ಜೀರುಂಡೆ ಬಿಟ್ಟಿದ್ದರಲ್ಲ, ಅದರ ಕಥೆಯೇ ಬೇರೆ ಇದೆ. ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಬೇಡ.

ರಸ್ತೆಗಳ ಬಗ್ಗೆ ಯಾರೂ ಹೇಳಲಿಲ್ಲ. 1956ರ ಹೆದ್ದಾರಿ ಕಾನೂನು: 41,000 ಮೈಲಿ, ಖರ್ಚಿನ ನೂರಕ್ಕೆ 90 ಕೇಂದ್ರದ್ದು, ದುಡ್ಡು ಪೆಟ್ರೋಲ್ ತೆರಿಗೆಯಿಂದ. ಐಸೆನ್‌ಹೋವರ್ 1919ರಲ್ಲಿ ಸೇನೆಯ ಲಾರಿಗಳ ಜೊತೆ ದೇಶ ದಾಟುವಾಗ ಎರಡು ತಿಂಗಳು ಹಿಡಿದಿತ್ತಂತೆ. ಆಮೇಲೆ ಜರ್ಮನಿಯ ರಸ್ತೆ ನೋಡಿ ಬಂದರು. ಇದನ್ನು ಒಳ್ಳೇ ಕೆಲಸ ಅಂತಲೇ ನಾನು ಅಂದುಕೊಂಡಿದ್ದೇನೆ.

ಎಡಿಸನ್ ಅಕ್ಕ
ಊರಿಂದ ಊರಿಗೆ ಹೋಗೋಕೆ ಒಳ್ಳೇದೇ, ನಾನೇ ದಿನಾ ಓಡಿಸ್ತೀನಿ. ಊರೊಳಗೆ ಅದು ಎಲ್ಲಿ ನುಗ್ಗಿತು ನೋಡಿ. ಡೆಟ್ರಾಯಿಟ್‌ನಲ್ಲಿ ಬ್ಲ್ಯಾಕ್ ಬಾಟಮ್ ಅನ್ನೋ ಕಪ್ಪು ಜನರ ಬಡಾವಣೆ ಮೇಲೆ, ಸೇಂಟ್ ಪಾಲ್‌ನಲ್ಲಿ ರಾಂಡೋ ಮೇಲೆ. ರಾಂಡೋದಲ್ಲಿ 600ಕ್ಕೂ ಜಾಸ್ತಿ ಕಪ್ಪು ಕುಟುಂಬಗಳು ಮನೆ ಕಳೆದುಕೊಂಡವು. ನ್ಯೂ ಓರ್ಲಿಯನ್ಸ್‌ನ ಕ್ಲೇಬೋರ್ನ್ ಅವೆನ್ಯೂನಲ್ಲಿ ಸಾಲು ಸಾಲು ಓಕ್ ಮರ ಇದ್ದವು, ಕಪ್ಪು ಜನ ಅದರ ಕೆಳಗೆ ಹಬ್ಬ ಮಾಡುತ್ತಿದ್ದರು, ಸುತ್ತ ಅವರದೇ ಅಂಗಡಿಗಳು. 1966ರಲ್ಲಿ ಮರ ಕಡಿದು ಮೇಲ್ಸೇತುವೆ ಹಾಕಿದರು. ನಾನು ಅಲ್ಲಿಗೆ ಹೋದಾಗ ಕಂಬಗಳ ಮೇಲೆ ಓಕ್ ಮರದ ಚಿತ್ರ ಬರೆದಿದ್ದರು. ಬಿಳಿಯರಿಗೆ ದೂರದ ಬಡಾವಣೆಯಲ್ಲಿ ಮನೆ, ಅಲ್ಲಿಂದ ಆಫೀಸಿಗೆ ರಸ್ತೆ, ಆ ರಸ್ತೆಗೆ ಇವರ ಜಾಗ. ನನಗೆ ಇವು ಬೇರೆ ಬೇರೆ ಯೋಜನೆಗಳು ಅಂತ ಅನಿಸೋದೇ ಇಲ್ಲ.

ಮುಕ್ತಪೇಟೆ
ಇದರಲ್ಲಿ ನಾನು ನಿಮ್ಮ ಪಕ್ಷ. ಸರ್ಕಾರ ಜನರ ಆಸ್ತಿಯನ್ನು ಬಲವಂತವಾಗಿ ಕಿತ್ತುಕೊಂಡರೆ ಆಗೋದೇ ಇದು.

ಸಂಬಳದಾಳು
ಅಂತೂ ಒಂದು ವಿಷಯಕ್ಕೆ ಒಪ್ಪಿದಿರಲ್ಲ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ತೀನಿ.

ತುಂಗಾತೀರ
ಒಂದು ಅರ್ಥ ಆಗಲಿಲ್ಲ. ಇಷ್ಟೆಲ್ಲ ಭೇದ ಇದ್ದರೂ ನಾಗರಿಕ ಹಕ್ಕುಗಳ ಚಳವಳಿ ಆ ಸಮೃದ್ಧಿಯ ಕಾಲದಲ್ಲೇ ಯಾಕೆ ಎದ್ದಿತು? ಅದಕ್ಕೂ ಮೊದಲು ಪರಿಸ್ಥಿತಿ ಇನ್ನೂ ಕೆಟ್ಟದಿತ್ತಲ್ಲ.

ಹಾಸನದ ಮೇಷ್ಟ್ರು
ಒಳ್ಳೇ ಪ್ರಶ್ನೆ. ಹತ್ತಿ ಬಿಡಿಸುವ ಯಂತ್ರ ಬಂದು ದಕ್ಷಿಣದ ಹೊಲಗಳಲ್ಲಿ ಕೂಲಿ ಹೋಯಿತು. 1940ರಿಂದ 1970ರ ಒಳಗೆ ಸುಮಾರು 50 ಲಕ್ಷ ಕಪ್ಪು ಜನ ಉತ್ತರಕ್ಕೆ, ಪಶ್ಚಿಮಕ್ಕೆ ಹೋದರು. ಅಲ್ಲಿ ಅವರಿಗೆ ವೋಟಿತ್ತು. ಆ ವೋಟು ಟ್ರೂಮನ್‌ಗೆ ಬೇಕಿತ್ತು, 1948ರಲ್ಲಿ ಸೈನ್ಯದಲ್ಲಿ ಭೇದ ತೆಗೆಯುವ ಆದೇಶ ಬಂತು. ಹಿಟ್ಲರ್ ವಿರುದ್ಧ ಹೋರಾಡಿ ಬಂದವನಿಗೆ ಬಸ್ಸಿನಲ್ಲಿ ಹಿಂದೆ ಹೋಗು ಅಂದರೆ ಅವನು ಸುಮ್ಮನಿರುತ್ತಾನಾ? ಕೈಯಲ್ಲಿ ನಾಲ್ಕು ಕಾಸೂ ಇತ್ತು. ಬಸ್ಸಿನ ಈ ಭೇದದ ವಿರುದ್ಧ ಅಲಬಾಮದ ಮಾಂಟ್ಗೊಮರಿಯ ಬಸ್ ಬಹಿಷ್ಕಾರ 381 ದಿನ ನಡೆದದ್ದು ಅಲ್ಲಿನ ಕಪ್ಪು ಜನರೇ ಬಸ್ಸಿನ ಮುಖ್ಯ ಗಿರಾಕಿಗಳು ಆಗಿದ್ದರಿಂದ. ಅವರು ನಡೆದರು, ಕಾರು ಹಂಚಿಕೊಂಡರು, ಕಂಪನಿಗೆ ನಷ್ಟ ಆಯಿತು. ಜೊತೆಗೆ ಟಿವಿ. 1950ರಲ್ಲಿ ನೂರಕ್ಕೆ 9 ಮನೆಯಲ್ಲಿ ಇದ್ದದ್ದು 1960ಕ್ಕೆ ಹತ್ತರಲ್ಲಿ ಒಂಬತ್ತು ಮನೆಯ ಹತ್ತಿರ ಬಂತು. 1963ರಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆರವಣಿಗೆ ಹೊರಟ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟದ್ದನ್ನು ಇಡೀ ದೇಶ ಊಟದ ಹೊತ್ತಿನಲ್ಲಿ ನೋಡಿತು.

ಧಾರವಾಡ ಪೇಡೆ
ಆ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು, ನೆನಪಿರಲಿ. ತಿರುವನಂತಪುರದ ಶಾಲೆಯೊಂದರಲ್ಲಿ ದಲಿತ ಮಕ್ಕಳ ಮುಂದೆ ಹೆಡ್‌ಮಾಸ್ತರು ಇವರೂ ಅಮೆರಿಕದ ಅಸ್ಪೃಶ್ಯರೇ ಅಂತ ಪರಿಚಯ ಮಾಡಿಸಿದರಂತೆ. ಮೊದಲು ಸಿಟ್ಟು ಬಂತು, ಆಮೇಲೆ ಹೌದು ಅನ್ನಿಸಿತು ಅಂತ ಕಿಂಗ್ ತಾವೇ ಆಮೇಲೆ ಹೇಳಿಕೊಂಡಿದ್ದಾರೆ.

ಬಿಸಿಬೇಳೆ
ಬಿಳಿಯರಲ್ಲೂ ಬಾಯಿ ಬಿಟ್ಟವರಿಗೆ ಕಷ್ಟ ಇತ್ತು ಅನ್ನೋದನ್ನೂ ಸೇರಿಸಿ. 1950ರ ಫೆಬ್ರವರಿಯಲ್ಲಿ ಸೆನೆಟರ್ ಮೆಕಾರ್ಥಿ ಸರ್ಕಾರದ ತುಂಬ ಕಮ್ಯುನಿಸ್ಟರು ಅಂತ ಕೂಗಿದರು, 1954ರ ಡಿಸೆಂಬರಿನಲ್ಲಿ ಸೆನೆಟ್ಟೇ ಅವರನ್ನು 67-22ರಲ್ಲಿ ಖಂಡಿಸಿತು. ನಡುವೆ ಎಷ್ಟು ಜನ ಮೇಷ್ಟ್ರುಗಳು, ಕಲಾವಿದರು, ಗುಮಾಸ್ತರು ಕೆಲಸ ಕಳೆದುಕೊಂಡರು. 1953ರ ಆದೇಶದಿಂದ ಸಲಿಂಗಿಗಳು ಅಂತ ಅನುಮಾನ ಬಂದವರನ್ನೂ ಸರ್ಕಾರಿ ಕೆಲಸದಿಂದ ತೆಗೆದರು. ಸ್ವಂತ ಮನೆ, ಸೈಟು ಇರೋನು ಕಮ್ಯುನಿಸ್ಟ್ ಆಗೋಕೆ ಸಾಧ್ಯವಿಲ್ಲ, ಅವನಿಗೆ ಪುರುಸೊತ್ತೇ ಇರಲ್ಲ ಅಂದದ್ದು ಅದೇ ಲೆವಿಟ್.

ಕರಾವಳಿ ಹುಡುಗ
ನಮ್ಮವರು ಅಲ್ಲಿಗೆ ಹೋಗೋಕೆ ಶುರು ಮಾಡಿದ್ದು ಯಾವಾಗ? ನನ್ನ ಅಪ್ಪನ ಚಿಕ್ಕಪ್ಪ ಡಾಕ್ಟರು, 1969ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದವರು. ಮನೆಯಲ್ಲಿ ಅವರು ಬುದ್ಧಿವಂತರು ಅದಕ್ಕೆ ಹೋದರು ಅಂತ ಹೇಳುತ್ತಾರೆ, ಅಷ್ಟೇ.

ಎಡಿಸನ್ ಅಕ್ಕ
ಬುದ್ಧಿವಂತರೇ ಇರಬಹುದು. ಆದರೆ 1955ರಲ್ಲಿ ಅಷ್ಟೇ ಬುದ್ಧಿ ಇದ್ದಿದ್ದರೂ ಹೋಗೋದು ಕಷ್ಟ ಇತ್ತು. 1946ರ ಕಾನೂನಿನ ಪ್ರಕಾರ ಇಡೀ ಭಾರತಕ್ಕೆ ವರ್ಷಕ್ಕೆ 100 ಜನ. ಅದಕ್ಕೂ ಮೊದಲು ಭಾರತೀಯರಿಗೆ ಪೌರತ್ವವೇ ಇಲ್ಲ ಅಂತ 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. 1965ರ ಅಕ್ಟೋಬರ್ 3ರಂದು ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು, 1968ರಿಂದ ಪೂರ್ತಿ ಜಾರಿ. ಒಂದೊಂದು ದೇಶಕ್ಕೆ 20,000ದ ತನಕ. ಅದೇ 1965ರಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಬಂತು, ಆಸ್ಪತ್ರೆಗಳಿಗೆ ಡಾಕ್ಟರು ಸಾಲದಾದರು. ನಿಮ್ಮ ಅಜ್ಜ ಹೋದ ವರ್ಷ ನೋಡಿ, ಸರಿಯಾಗಿ ಹೊಂದುತ್ತದೆ. ಮತ್ತೆ 1964-65ರ ನಾಗರಿಕ ಹಕ್ಕು ಕಾನೂನುಗಳು ಇಲ್ಲದೆ ಈ ವಲಸೆ ಕಾನೂನು ಆಗುತ್ತಿರಲಿಲ್ಲ. ಇಲ್ಲಿನ ನಮ್ಮ ಕನ್ನಡ ಕೂಟದಲ್ಲಿ ಕಪ್ಪು ಜನರ ಬಗ್ಗೆ ಕೆಲವರು ಮಾತಾಡೋದು ಕೇಳಿದರೆ ನನಗೆ ರೇಗೋದು ಇದಕ್ಕೇ. ನಾವು ಬಂದ ಬಾಗಿಲು ತೆಗೆಸಿದವರು ಅವರು.

ಮುಕ್ತಪೇಟೆ
ಕೂಟದ ಜಗಳ ಇಲ್ಲಿ ಬೇಡ ಮೇಡಂ. ನಮ್ಮವರು ಓದಿ, ದುಡಿದು ಮೇಲೆ ಬಂದವರು.

ಎಡಿಸನ್ ಅಕ್ಕ
ಓದಿದ್ದು ಹೌದು. ಓದಿದವರನ್ನೇ ಆರಿಸಿ ಒಳಗೆ ಬಿಟ್ಟದ್ದೂ ಹೌದು.

ಹಾಸನದ ಮೇಷ್ಟ್ರು
ಆ ಕಾನೂನಿನಲ್ಲಿ ಒಂದು ಸ್ವಾರಸ್ಯ ಇದೆ. ಸರ್ಕಾರಕ್ಕೆ ಮೊದಲು ಕೌಶಲ ಇರುವವರಿಗೆ ಆದ್ಯತೆ ಕೊಡುವ ಮನಸ್ಸಿತ್ತು. ಸಂಸತ್ತಿನ ಕೆಳಮನೆಯ (ಹೌಸ್‌ನ) ವಲಸೆ ಉಪಸಮಿತಿಯ ಅಧ್ಯಕ್ಷ ಮೈಕಲ್ ಫೀಗನ್ ಅಡ್ಡ ಹಾಕಿದರು. ಕುಟುಂಬದವರಿಗೆ ಮೊದಲ ಆದ್ಯತೆ ಇರಲಿ ಅಂದರು. ಈಗಾಗಲೇ ಅಮೆರಿಕದಲ್ಲಿ ಇರುವವರು ಯುರೋಪಿನ ಮೂಲದವರು, ಅವರ ನೆಂಟರು ತಾನೇ ಬರೋದು, ದೇಶದ ಬಣ್ಣ ಬದಲಾಗಲ್ಲ ಅನ್ನೋ ಲೆಕ್ಕ. ಆದರೆ ಆ ಹೊತ್ತಿಗೆ ಯುರೋಪಿನವರಿಗೆ ಊರಲ್ಲೇ ಕೆಲಸ ಸಿಗುತ್ತಿತ್ತು, ಬರುವ ಆಸೆ ಕಡಿಮೆ ಆಗಿತ್ತು. ಏಷ್ಯಾದಿಂದ ಒಬ್ಬ ಡಾಕ್ಟರು, ಒಬ್ಬ ಎಂಜಿನಿಯರು ಹೋದ. ಪೌರತ್ವ ಸಿಕ್ಕ ಮೇಲೆ ತಮ್ಮನನ್ನು ಕರೆದ, ತಂಗಿಯನ್ನು ಕರೆದ. ಅಂದ ಹಾಗೆ ಈ ಫೀಗನ್ ಕೂಡ ಕ್ಲೀವ್‌ಲ್ಯಾಂಡ್‌ನವರೇ.

ಕರಾವಳಿ ಹುಡುಗ
ಹಾಗಾದರೆ ನಮ್ಮ ಅಜ್ಜನ ತಮ್ಮಂದಿರು, ತಂಗಿಯಂದಿರು, ಅವರ ಮಕ್ಕಳು, ಒಂದು ಬಸ್ಸಿಗಾಗುವಷ್ಟು ಜನ ಓಹಿಯೋದಲ್ಲಿ ಇರೋದು ಈ ಮಹಾಶಯರ ದಯೆಯಿಂದ. ಮನೆಯ ಗ್ರೂಪಿಗೆ ಈಗಲೇ ಹಾಕ್ತೇನೆ, ಯಾರ್ಯಾರು ಬೈತಾರೆ ನೋಡುವ.